ಬಾವಿ ಬಿಟ್ಟು ಅಡುಗೆಮನೆಗೆ ಬಂದ ದೆವ್ವ

ಪ್ರಶ್ನೆ: ರಾತ್ರಿ ಒಂಬತ್ತೂವರೆಯ ದೆವ್ವದ ಧಾರಾವಾಹಿಯನ್ನು ಮೊದಲ ಎರಡು ತಿಂಗಳು ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ನೋಡಿದೆವು. ಎಸ್ಟೇಟ್ ಬಂಗಲೆ, ಹಿತ್ತಿಲ ಬಾವಿ, ನೀರಿದ್ದ ಕಡೆ ಮಾತ್ರ ಕಾಣಿಸುವ ಹೆಂಗಸು. ಈಗ ಅವಳು ಅತ್ತೆ-ಸೊಸೆ ಜಗಳದ ನಡುವೆ ಅಡುಗೆಮನೆಯಲ್ಲಿ ನಿಂತಿರುತ್ತಾಳೆ. ಬರೆಯುವವರಿಗೆ ಏನಾಯಿತು?
— ಓದುಗರು, ಸಕಲೇಶಪುರ

ಉತ್ತರ: ಬರೆಯುವವರನ್ನು ಬೈಯುವ ಮುಂಚೆ ಲೆಕ್ಕ ನೋಡಿ. ವಾರಕ್ಕೆ 5 ಕಂತು ಅಂದರೆ ವರ್ಷಕ್ಕೆ 260. ಜಾಹೀರಾತು ಕಳೆದರೆ ಅರ್ಧ ಗಂಟೆಯಲ್ಲಿ ಉಳಿಯುವುದು 20-22 ನಿಮಿಷ. ಅಷ್ಟನ್ನು ಹೆಚ್ಚುಕಡಿಮೆ ದಿನಕ್ಕೊಂದರಂತೆ ಚಿತ್ರೀಕರಿಸಲೇಬೇಕು. ಆರಂಭದ ಕಂತುಗಳನ್ನು ಪ್ರಸಾರಕ್ಕೆ ಮೊದಲೇ ನಿಧಾನವಾಗಿ ತೆಗೆದಿಟ್ಟಿರುತ್ತಾರೆ. ಆ ದಾಸ್ತಾನು ಕರಗಿದ ಮೇಲೆ ಇಡೀ ತಂಡವನ್ನು ಘಟ್ಟದ ಅಂಚಿಗೆ ಕರೆತಂದು ಊಟ, ವಸತಿ, ಜನರೇಟರ್ ನೋಡುವುದಕ್ಕಿಂತ ಬೆಂಗಳೂರಿನ ಶೂಟಿಂಗ್ ಮನೆಯೇ ಅಗ್ಗ. ಆ ಮನೆಯಲ್ಲಿ ಬಾವಿ ಇಲ್ಲ!

ನಿಜವಾದ ನಷ್ಟ ಆದದ್ದು ಇಲ್ಲೇ. ನೀರಿನ ಕಟ್ಟಳೆ ಇದ್ದಾಗ ಬಚ್ಚಲ ಹಂಡೆ ತುಂಬುವ ಸದ್ದಿಗೂ ಎದೆ ಹೊಡೆದುಕೊಳ್ಳುತ್ತಿತ್ತು. ಎಲ್ಲಿ ಬೇಕಾದರೂ ಬರುವ ದೆವ್ವಕ್ಕೆ ಯಾರು ಹೆದರುತ್ತಾರೆ? ಆಮೇಲೆ ಮಂತ್ರವಾದಿ, ಅವನನ್ನು ಮೀರಿಸುವ ಇನ್ನೊಬ್ಬ ಮಂತ್ರವಾದಿ. ಅಡುಗೆಮನೆಗೇ ತರಬೇಕಿದ್ದರೆ ತೊಟ್ಟಿಕ್ಕುವ ನಲ್ಲಿ, ಅದರಡಿ ಒಂದು ಬಕೆಟ್ ಇಟ್ಟಿದ್ದರೂ ಕಥೆ ಉಳಿಯುತ್ತಿತ್ತು. ಖರ್ಚೂ ಇಲ್ಲ.

ಇನ್ನು ಎಳೆತ. ಗುರುವಾರ ಬಾರ್ಕ್ (ಟಿವಿ ನೋಡುಗರ ಲೆಕ್ಕ ಇಡುವ ಸಂಸ್ಥೆ) ಅಂಕಿ ಬರುತ್ತದೆ. ಯಾವ ಜಗಳಕ್ಕೆ ಟಿಆರ್‌ಪಿ ಏರಿತೋ ಅದನ್ನೇ ಹಿಗ್ಗಿಸುತ್ತಾರೆ. ಕೋಣೆಯಲ್ಲಿ ಐದು ಜನ, ಒಬ್ಬೊಬ್ಬರ ಮುಖಕ್ಕೂ 8 ಸೆಕೆಂಡು, ಮೂರು ಸುತ್ತು: ಒಂದು ಮಾತೂ ಇಲ್ಲದೆ 2 ನಿಮಿಷ ತುಂಬಿತು. ಗಡಿಯಾರ ಹಿಡಿದು ನೋಡಿ.

ಇದು ನಮ್ಮಲ್ಲಿ ಮಾತ್ರ ಇರುವ ಕಾಯಿಲೆಯೂ ಅಲ್ಲ. ಅಮೆರಿಕದ ಕೊಲೆ ರಹಸ್ಯದ ಧಾರಾವಾಹಿ ‘ಟ್ವಿನ್ ಪೀಕ್ಸ್’ 1990ರಲ್ಲಿ 8 ಕಂತುಗಳ ಮೊದಲ ಸೀಸನ್‌ನಿಂದ ಹುಚ್ಚು ಹಿಡಿಸಿತ್ತು. ಎರಡನೆಯದು 22 ಕಂತು. ಚಾನೆಲ್‌ನವರ ಒತ್ತಾಯಕ್ಕೆ ಕೊಲೆಗಾರ ಯಾರೆಂಬುದನ್ನು ನಡುವಿನಲ್ಲೇ ಬಿಟ್ಟುಕೊಟ್ಟರು; ನೋಡುಗರು ಜಾರಿಕೊಂಡರು, 1991ರಲ್ಲಿ ನಿಂತೇಹೋಯಿತು. ನಮ್ಮ ದೂರದರ್ಶನ 13 ಕಂತುಗಳ ಲೆಕ್ಕದಲ್ಲಿ ಒಪ್ಪಿಗೆ ಕೊಡುತ್ತಿದ್ದ ಕಾಲದಲ್ಲಿ ಕಥೆಗೆ ಕೊನೆ ಎಲ್ಲಿ ಅಂತ ಮೊದಲೇ ಗೊತ್ತಿರುತ್ತಿತ್ತು.

ಪ್ರಶ್ನೆ: ಈಗಿನ ಕಂತುಗಳ ಮಂಜು ನಮ್ಮ ಕಡೆಯದ್ದೋ, ಯಂತ್ರದ್ದೋ?
— ಓದುಗರು, ಮೂಡಿಗೆರೆ

ಉತ್ತರ: ನಿಮಗೆ ಹೇಳಿಕೊಡಬೇಕೇ? ಅಸಲಿ ಮಂಜಿನಲ್ಲಿ ದೂರದ ಸಿಲ್ವರ್ ಓಕ್ ಮೊದಲು ಮಾಯ, ಹತ್ತಿರದ ಕಾಫಿ ಗಿಡ ಸ್ಪಷ್ಟ. ಯಂತ್ರದ ಹೊಗೆ ಉಲ್ಟಾ: ಕಾಲಬುಡದಲ್ಲಿ ದಟ್ಟ, ಹಿಂದಿನ ಗುಡ್ಡ ತಿಳಿ. ಡ್ರೈ ಐಸ್ ಆದರೆ ನೆಲ ಬಿಟ್ಟು ಏಳುವುದೇ ಇಲ್ಲ.

ಪ್ರಶ್ನೆ: ಶೆಟ್ಟಿಹಳ್ಳಿ ಚರ್ಚಿನ ದೃಶ್ಯದಲ್ಲಿ ನಾಯಕ ಒಣ ನೆಲದಲ್ಲಿ ಓಡಿಬಂದ, ತಿರುಗಿ ನೋಡಿದರೆ ಗೋಡೆಯ ಅರ್ಧಕ್ಕೆ ನೀರು. ದೆವ್ವದ ಮಹಿಮೆಯೇ?
— ಓದುಗರು, ಹಾಸನ

ಉತ್ತರ: ಹೇಮಾವತಿಯ ಮಹಿಮೆ. ಗೊರೂರು ಅಣೆಕಟ್ಟಿನ ಹಿನ್ನೀರು ಮಳೆಗಾಲದಲ್ಲಿ ಚರ್ಚನ್ನು ಭಾಗಶಃ ಮುಳುಗಿಸುತ್ತದೆ, ಬೇಸಿಗೆಯಲ್ಲಿ ಬಿಟ್ಟುಕೊಡುತ್ತದೆ. ಏಪ್ರಿಲ್‌ನಲ್ಲಿ ತೆಗೆದ ಓಟಕ್ಕೆ ಆಗಸ್ಟ್‌ನಲ್ಲಿ ತೆಗೆದ ನೋಟ ಅಂಟಿಸಿದರೆ ಹೀಗೇ ಆಗುವುದು.