ಆಫೀಸ್ ಟೈಮಿಂಗ್ ಬದಲಾಯಿಸಿ ಅಂತ ಹೇಗೆ ಕೇಳಲಿ?

*ಅಕ್ಕಾ, ನನಗೀಗ ಐದು ತಿಂಗಳು, ಮೊದಲನೇ ಬಸಿರು. ಮನೆ ಕೆಂಗೇರಿಯಲ್ಲಿ, ವೈಟ್‌ಫೀಲ್ಡ್ ಕಡೆ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಒಂಬತ್ತೂವರೆಗೆ ಪಂಚ್ ಮಾಡಬೇಕು, ಬಿಡುವುದು ಆರೂವರೆಗೆ. ಬೆಳಿಗ್ಗೆ ಮೆಜೆಸ್ಟಿಕ್ ಬಂದರೆ ಮೆಟ್ರೋದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಎರಡು ಸಲ ತಲೆ ಸುತ್ತಿ ಮಧ್ಯದಲ್ಲೇ ಇಳಿದಿದ್ದೇನೆ. ಬೇಗ ಬಂದು ಬೇಗ ಹೋಗಲಾ ಅಂತ ಎಚ್‌ಆರ್ ಹತ್ತಿರ ಕೇಳಿದರೆ, ‘ಅಂಥ ಪಾಲಿಸಿ ಇಲ್ಲ, ಆಗದಿದ್ದರೆ ಈಗಿನಿಂದಲೇ ಹೆರಿಗೆ ರಜೆ ಹಾಕಿ’ ಎಂದರು. ಮನೆಯವರು ಕೆಲಸ ಬಿಡು ಅಂತಾರೆ. ಅಮ್ಮ ಸೀಮಂತ ಮುಗಿಸಿ ಏಳನೇ ತಿಂಗಳಿಗೇ ಹಾಸನಕ್ಕೆ ಕರೆದುಕೊಂಡು ಹೋಗ್ತೀನಿ ಅಂತಿದ್ದಾರೆ. ಏನು ಮಾಡಲಿ?*
*– ಹೆಸರು ಬೇಡ, ಬೆಂಗಳೂರು*

ತಂಗೀ, ತಲೆ ಸುತ್ತಿದ್ದನ್ನು ಡಾಕ್ಟರಿಗೆ ಹೇಳಿದ್ದೀರಾ? ಇಲ್ಲ ಅಂದರೆ ಈ ವಾರವೇ ಹೋಗಿ, ಹಿಮೋಗ್ಲೋಬಿನ್, ಬಿಪಿ ಎರಡನ್ನೂ ನೋಡಿಸಿ. ಬರುವಾಗ ‘ರಶ್ ಇರುವ ಹೊತ್ತಿನಲ್ಲಿ ಬಹಳ ಹೊತ್ತು ನಿಂತು ಪ್ರಯಾಣ ಬೇಡ’ ಎಂದು ಅವರ ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಚೀಟಿ ಆಮೇಲೆ ಬೇಕಾಗುತ್ತದೆ.

ಕೆಲಸ ಬಿಡಬೇಡಿ. ಹೆರಿಗೆ ರಜೆಯನ್ನೂ ಈಗಲೇ ಮುಟ್ಟಬೇಡಿ. ಎಚ್‌ಆರ್ ಹೇಳಿದ ಆ ಮಾತು ಸರಿಯೂ ಅಲ್ಲ, ಏಕೆಂದರೆ ಸಿಗುವ 26 ವಾರದಲ್ಲಿ ಹೆರಿಗೆಗೆ ಮೊದಲು ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 8 ವಾರ, ನಿಮಗಿನ್ನೂ ಐದೇ ತಿಂಗಳು. ಅದೂ ಅಲ್ಲದೆ, ಮೊದಲು ಎರಡೇ ವಾರ ಬಳಸಿದರೆ ಮಗು ಹುಟ್ಟಿದ ಮೇಲೆ 24 ವಾರ ಉಳಿಯುತ್ತದೆ, ಎಂಟೂ ಬಳಸಿದರೆ 18 ಮಾತ್ರ. ನೀವು ಟೈಮಿಂಗ್ ಬದಲಾಯಿಸಿ ಅಂತ ಕೇಳುತ್ತಿರುವುದು ನಿಮ್ಮೊಬ್ಬರ ಆರಾಮಕ್ಕಲ್ಲ, ಆ ವಾರಗಳನ್ನು ಮಗುವಿಗೆ ಉಳಿಸುವುದಕ್ಕೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕೇಳುವಾಗ ಸಂಕೋಚ ಆಗುವುದಿಲ್ಲ.

ಒಂದು ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಬಸುರಿಗೆ ಕೆಲಸದ ಹೊತ್ತು ಬದಲಾಯಿಸಿ ಕೊಡಲೇಬೇಕು ಅಂತ ನಮ್ಮ ಕಾನೂನಿನಲ್ಲಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದಾಗ ಮನೆಯಿಂದ ಕೆಲಸದ ಮಾತು ಸೇರಿತು. ಆದರೆ ಅದು ಹೆರಿಗೆ ರಜೆ ಮುಗಿದ ಮೇಲಿನದ್ದು, ಅದೂ ಇಬ್ಬರೂ ಒಪ್ಪಿದರೆ ಮಾತ್ರ. ಈಗ ಆ ಕಾಯ್ದೆಯ ಜಾಗಕ್ಕೆ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಹಾಗೇ ಇದೆ. ಹಾಗಾಗಿ ‘ಕಾನೂನಿದೆ’ ಅಂತ ಜಗಳಕ್ಕೆ ಹೋಗಬೇಡಿ. ನಿಮ್ಮ ಕೈಯಲ್ಲಿರುವ ಬಲ ಬೇರೆಯದು.

ಎಚ್‌ಆರ್‌ನವರಿಗೆ ಕಾಣಿಸುವುದು ಪಾಲಿಸಿ. ನಿಮ್ಮ ಮ್ಯಾನೇಜರಿಗೆ ಬೇಕಿರುವುದು ಕೆಲಸ ಆಗುವುದು. ಅವರ ಹತ್ತಿರ ಮೊದಲು ಮಾತಾಡಿ. ಅಕೌಂಟ್ಸ್ ಕೆಲಸದ ಒಂದು ಅನುಕೂಲ ಅಂದರೆ ತಿಂಗಳ ಒತ್ತಡ ಯಾವ ದಿನ ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ: 7ಕ್ಕೆ ಟಿಡಿಎಸ್ (ಹಿಡಿದಿಟ್ಟ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1 ಅನ್ನುವ ಮಾರಾಟದ ಜಿಎಸ್‌ಟಿ ಲೆಕ್ಕ, 20ಕ್ಕೆ ಜಿಎಸ್‌ಟಿ ಕಟ್ಟುವ 3ಬಿ ರಿಟರ್ನ್, ಆಮೇಲೆ ತಿಂಗಳ ಕೊನೆಯ ಲೆಕ್ಕ. ಈ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಈ ದಿನಗಳ ಹಿಂದೆಮುಂದೆ ಆಫೀಸಿನಲ್ಲೇ ಇರುತ್ತೇನೆ, ಉಳಿದ ವಾರಗಳಲ್ಲಿ ಎರಡು ದಿನ ಮನೆಯಿಂದ ಮಾಡುತ್ತೇನೆ, ಬರುವ ದಿನ ಏಳೂವರೆಯಿಂದ ನಾಲ್ಕೂವರೆವರೆಗೆ ಇರುತ್ತೇನೆ ಅನ್ನಿ. ಲೆಕ್ಕಕ್ಕೆ ಅದೇ ಒಂಬತ್ತು ಗಂಟೆ ಅಲ್ವಾ? ನಾಲ್ಕೂವರೆ ಮೇಲೆ ಯಾರಿಗಾದರೂ ಏನಾದರೂ ಬೇಕಾದರೆ ಯಾರನ್ನು ಕೇಳಬೇಕು ಅಂತಲೂ ನೀವೇ ಯೋಚಿಸಿಕೊಂಡು ಹೋಗಿ, ಅವರು ಮೊದಲು ಕೇಳುವುದೇ ಅದನ್ನು. ಹೆರಿಗೆವರೆಗೂ ಕೊಡಿ ಅಂದರೆ ಹಿಂದೇಟು ಹಾಕುತ್ತಾರೆ. ಎರಡು ವಾರ ನೋಡೋಣ, ಕೆಲಸ ನಿಂತರೆ ಹಳೆಯ ಟೈಮಿಗೇ ಬರ್ತೀನಿ ಅಂದರೆ ಒಪ್ಪುವುದು ಸುಲಭ.

ಒಪ್ಪಿದ ದಿನವೇ ‘ಇವತ್ತು ಮಾತಾಡಿದಂತೆ’ ಅಂತ ಶುರು ಮಾಡಿ ಒಂದು ಮೇಲ್ ಹಾಕಿ, ಡಾಕ್ಟರ್ ಚೀಟಿ ಸೇರಿಸಿ, ಎಚ್‌ಆರ್‌ಗೂ ಕಾಪಿ ಇಡಿ. ಮ್ಯಾನೇಜರ್ ಬದಲಾದರೆ ಬಾಯಿಮಾತು ಉಳಿಯುವುದಿಲ್ಲ. ನನ್ನ ಮೊದಲ ಬಸಿರಿನಲ್ಲಿ ಹಾಗೇ ಆಯಿತು, ಬಾಯಿಮಾತಿನಲ್ಲಿ ಹೂಂ ಅಂದವರು ವರ್ಗವಾಗಿ ಹೋದರು, ಹೊಸಬರು ‘ನನಗೆ ಗೊತ್ತಿಲ್ಲ’ ಅಂದರು. ಎಂಟನೇ ತಿಂಗಳಲ್ಲಿ ಬಸ್ಸಿನಲ್ಲಿ ನಿಂತುಕೊಂಡು ಹೋದದ್ದು ಇನ್ನೂ ಮರೆತಿಲ್ಲ.

ಇಲ್ಲಿ ಒಂದು ಕಡೆ ಬಹಳ ಹುಷಾರಾಗಿರಿ. ‘ಅರ್ಧ ದಿನ ಬನ್ನಿ, ಅರ್ಧ ಸಂಬಳ’ ಅಂದರೆ ತಕ್ಷಣ ಹೂಂ ಅನ್ನಬೇಡಿ. ಹೆರಿಗೆ ರಜೆಯ ಸಂಬಳ ಲೆಕ್ಕ ಹಾಕುವುದು ರಜೆಗೆ ಮುಂಚಿನ ಮೂರು ತಿಂಗಳಲ್ಲಿ ಕೆಲಸ ಮಾಡಿದ ದಿನಗಳ ಸರಾಸರಿಯ ಮೇಲೆ. ಆ ಮೂರು ತಿಂಗಳು ಅರ್ಧ ಸಂಬಳ ತಗೊಂಡರೆ 26 ವಾರದ ದುಡ್ಡಿಗೂ ಪೆಟ್ಟು ಬೀಳಬಹುದು. ಹಾಗೆಯೇ ಯಾರೇ ಒತ್ತಾಯ ಮಾಡಿದರೂ ರಾಜೀನಾಮೆ ಬರೆದುಕೊಡಬೇಡಿ. ಗಂಭೀರ ತಪ್ಪು ಮಾಡದ ಬಸುರಿಯನ್ನು ಅವರಾಗಿಯೇ ಕೆಲಸದಿಂದ ತೆಗೆದರೂ ಹೆರಿಗೆ ಸೌಲಭ್ಯ ತಪ್ಪುವುದಿಲ್ಲ, ಅದಕ್ಕೆ ಬೇಕಾದ 80 ದಿನದ ಕೆಲಸ ಹಿಂದಿನ ಒಂದು ವರ್ಷದಲ್ಲಿ ಆಗಿದ್ದರೆ ಸಾಕು. ನೀವಾಗಿಯೇ ಬಿಟ್ಟರೆ ಈ ರಕ್ಷಣೆ ಇಲ್ಲ. ಮನೆಯವರಿಗೂ ಇದನ್ನೇ ಹೇಳಿ.

ಇನ್ನು ಅಮ್ಮನ ಮಾತು. ಏಳನೇ ತಿಂಗಳಿಗೆ ತವರಿಗೆ ಹೋಗುವುದಕ್ಕೂ ಎಂಟು ವಾರದ ರಜೆ ಶುರುವಾಗುವುದಕ್ಕೂ ಮಧ್ಯೆ ಸುಮಾರು ನಾಲ್ಕು ವಾರ ಬರುತ್ತದೆ. ಈಗಿನ ವ್ಯವಸ್ಥೆ ಸರಿಯಾಗಿ ನಡೆದರೆ ಆ ನಾಲ್ಕು ವಾರ ಹಾಸನದಿಂದಲೇ ಕೆಲಸ ಮಾಡಲು ಕೇಳಬಹುದು. ಅದಾಗದಿದ್ದರೆ ಸೀಮಂತ ಏಳರಲ್ಲೇ ಆಗಲಿ, ಅಮ್ಮನೇ ಒಂದು ತಿಂಗಳು ಕೆಂಗೇರಿಗೆ ಬಂದಿರಲಿ.

*ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ, ದಿನಪೂರ್ತಿ ನಿಂತೇ ಇರಬೇಕು. ಏಳು ತಿಂಗಳು ತುಂಬಿದೆ. ಕೂತು ಮಾಡುವ ಕೆಲಸ ಕೇಳಿದರೆ ಸೂಪರ್‌ವೈಸರ್ ಬೈತಾರೆ, ಸಂಬಳ ಕಟ್ ಅಂತಾರೆ.*
*– ಒಬ್ಬ ಓದುಗಿ, ರಾಮನಗರ*

ನಿಮ್ಮದು ಬೇರೆ ವಿಷಯ, ನಿಮ್ಮ ಕಡೆ ಕಾನೂನೇ ಇದೆ. ಹೆರಿಗೆ ತಾರೀಖಿಗೆ ಮುಂಚಿನ ಆರು ವಾರಕ್ಕೂ ಹಿಂದಿನ ಒಂದು ತಿಂಗಳು, ಮತ್ತು ಆ ಆರು ವಾರದಲ್ಲಿ ರಜೆ ಹಾಕದೆ ಬರುವ ದಿನಗಳು, ಇಷ್ಟರಲ್ಲಿ ಬಸುರಿ ಕೇಳಿಕೊಂಡರೆ ಬಹಳ ಹೊತ್ತು ನಿಲ್ಲುವ ಕೆಲಸ, ಶ್ರಮದ ಕೆಲಸ ಕೊಡುವಂತಿಲ್ಲ. ನಿಮಗೆ ಆ ತಿಂಗಳು ಶುರುವಾಗಿದೆ. ಹಗುರ ಕೆಲಸ ಕೊಟ್ಟೆ ಅಂತ ಸಂಬಳ ಕಡಿಯುವಂತೆಯೂ ಇಲ್ಲ. ಆದರೆ ‘ಕೇಳಿಕೊಂಡರೆ’ ಅಂತ ಇದೆ, ಅದಕ್ಕೇ ಬಾಯಲ್ಲಿ ಹೇಳಿ ಸುಮ್ನಾಗಬೇಡಿ. ಡಾಕ್ಟರ್ ಬರೆದ ಹೆರಿಗೆ ತಾರೀಖು ಹಾಕಿ ಕನ್ನಡದಲ್ಲೇ ನಾಲ್ಕು ಸಾಲು ಬರೆಯಿರಿ, ಸೂಪರ್‌ವೈಸರಿಗಲ್ಲ, ಎಚ್‌ಆರ್ ಆಫೀಸಿಗೆ ಕೊಡಿ, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ತಗೊಳ್ಳಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ಆ ರಸೀದಿ ಹಿಡಿದು ಕಾರ್ಮಿಕ ಇಲಾಖೆಗೆ ಹೋಗಿ. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದ್ದರೆ ರಜೆಯ ದುಡ್ಡು ಬರುವುದು ಅಲ್ಲಿಂದಲೇ, ಕಾರ್ಡು ಮತ್ತು ಬ್ಯಾಂಕ್ ಖಾತೆ ವಿವರ ಸರಿಯಿದೆಯಾ ಅಂತ ಈಗಲೇ ನೋಡಿಸಿಕೊಳ್ಳಿ.