ಮುಂಬೈಗೆ 45 ಕಿ.ಮೀ. ಕಡಿಮೆ, ಮೇ ತಿಂಗಳಿಗೆ 45 ಹೆಚ್ಚು

ಪ್ರಶ್ನೆ: ನನಗೆ 41 ವರ್ಷ. ಏಪ್ರಿಲ್‌ನಲ್ಲಿ ವರ್ಲ್ಡ್ 10ಕೆ (10 ಕಿ.ಮೀ.), ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಮ್ಯಾರಥಾನ್‌ನ ಹಾಫ್ (21 ಕಿ.ಮೀ.), ಜನವರಿಯಲ್ಲಿ ಮುಂಬೈ ಫುಲ್ (42 ಕಿ.ಮೀ.) ಓಡುತ್ತೇನೆ. ವರ್ಷಪೂರ್ತಿ ವಾರಕ್ಕೆ 45 ಕಿ.ಮೀ. ತಪ್ಪಿಸಿಲ್ಲ. ಆದರೂ ಎರಡು ವರ್ಷದಿಂದ ಟೈಮಿಂಗ್ ನಿಂತಲ್ಲೇ ನಿಂತಿದೆ. ಬೆಳಿಗ್ಗೆ ಎದ್ದು ಕಾಲೂರಿದರೆ ಹಿಮ್ಮಡಿಯ ಮೇಲ್ಭಾಗ ಬಿಗಿದಿರುತ್ತದೆ, ಹತ್ತು ನಿಮಿಷ ನಡೆದ ಮೇಲೆ ಸರಿಹೋಗುತ್ತದೆ. ಆಫ್ ಸೀಸನ್, ಅಂದರೆ ರೇಸಿನ ತಯಾರಿಗೆ ಬಿಡುವು ಕೊಡುವ ಕಾಲ, ಬೇಕು ಎನ್ನುತ್ತಾರೆ. ಬೆಂಗಳೂರಿನಲ್ಲಿ ಅದು ಯಾವ ತಿಂಗಳು?
– ಹನುಮಂತನಗರದ ಓದುಗರು

ಉತ್ತರ: ಹಿಮ ಬೀಳುವ ಊರುಗಳಲ್ಲಿ ಚಳಿಗಾಲವೇ ಓಟಗಾರರನ್ನು ಮನೆಯಲ್ಲಿ ಕೂರಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಊರಿನಲ್ಲಿ ಬೆಳಗಿನ ಐದೂವರೆಗೆ ಹನ್ನೆರಡು ತಿಂಗಳೂ ಓಡಬಹುದು. ಹಾಗಾಗಿ ಇಲ್ಲಿ ಆಫ್ ಸೀಸನ್ ತಾನಾಗಿ ಬರುವುದಿಲ್ಲ, ಕ್ಯಾಲೆಂಡರಿನಲ್ಲಿ ಗೆರೆ ಎಳೆದು ಇಟ್ಟುಕೊಳ್ಳಬೇಕು. ನಿಮ್ಮ ತೊಂದರೆಯ ಮೂಲ ಆ ಬದಲಾಗದ 45. ಮುಂಬೈ ಫುಲ್‌ಗೆ ಅದು ಕಡಿಮೆ, ಮೇ ತಿಂಗಳಿಗೆ ಹೆಚ್ಚು.

ನಿಮ್ಮ ಮೂರು ಓಟಗಳ ನಡುವಿನ ವಾರಗಳನ್ನೇ ಎಣಿಸಿ. ಮುಂಬೈ ಮ್ಯಾರಥಾನ್ ಜನವರಿಯ ಮೂರನೇ ಭಾನುವಾರ. ಮೊದಲು ಮೇನಲ್ಲಿ ನಡೆಯುತ್ತಿದ್ದ 10ಕೆ ಈಗ ಏಪ್ರಿಲ್ ಕೊನೆಗೆ ಬಂದಿದೆ. ಅಂದರೆ ನಡುವೆ ಸಿಗುವುದು ಸುಮಾರು 14 ವಾರ. ಅಲ್ಲಿಂದ ಸೆಪ್ಟೆಂಬರ್ ಮೂರನೇ ವಾರದ ಹಾಫ್‌ಗೆ 21 ವಾರ, ಹಾಫ್‌ನಿಂದ ಮತ್ತೆ ಮುಂಬೈಗೆ 17 ವಾರ. ಹಾಫ್ ತಯಾರಿಗೆ 12 ವಾರ ಬೇಕು. 21ರಲ್ಲಿ ಅದನ್ನು ಕಳೆದರೆ ಉಳಿಯುವ ಒಂಬತ್ತು ವಾರ, ಅಂದರೆ ಮೇ ಮತ್ತು ಜೂನ್, ನಿಮ್ಮ ನಿಜವಾದ ಆಫ್ ಸೀಸನ್. ಮುಂಬೈ ಮುಗಿದ ಮೇಲಿನ ನಾಲ್ಕು ವಾರ ಚಿಕ್ಕ ಬಿಡುವು. ಮೂರೂ ಓಟಗಳಲ್ಲಿ ಪಿಬಿ (ನಿಮ್ಮದೇ ಅತ್ಯುತ್ತಮ ಟೈಮಿಂಗ್) ಬೇಕೆಂದು ಹಟ ಹಿಡಿಯಬೇಡಿ. ಎರಡಕ್ಕೆ ಮನಸ್ಸು ಕೊಡಿ. ಹಾಫ್ ಅನ್ನು ಫುಲ್‌ನ ತಯಾರಿಯ ಒಂದು ಮೆಟ್ಟಿಲಾಗಿ ಓಡುವುದು ನಿಮಗೆ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಮೇ ಮೊದಲ ವಾರ ಓಟವೇ ಬೇಡ. ನಡಿಗೆ, ಸೈಕಲ್, ಈಜು ಯಾವುದಾದರೂ ಆಗಬಹುದು. ಎರಡನೇ ವಾರ 30 ನಿಮಿಷದ ಮೂರು ಓಟ. ಆಮೇಲೆ ವಾರಕ್ಕೆ ನಾಲ್ಕು ದಿನ, ಒಟ್ಟು 25ರಿಂದ 30 ಕಿ.ಮೀ., ಪೂರ್ತಿ ವಾಕ್ಯದಲ್ಲಿ ಮಾತಾಡಿಕೊಂಡು ಓಡುವಷ್ಟು ನಿಧಾನ. ಭಾನುವಾರದ ಓಟ 10–12 ಕಿ.ಮೀ. ದಾಟುವುದು ಬೇಡ. ಗಡಿಯಾರ ನೋಡುವ ಚಾಳಿ ಬಿಡಲಾಗದಿದ್ದರೆ ಅದನ್ನು ಮನೆಯಲ್ಲೇ ಬಿಡಿ. ಗುಂಪಿನ ಜೊತೆ ಕಬ್ಬನ್ ಪಾರ್ಕಿಗೆ ಹೋದರೆ ಪೈಪೋಟಿಗೆ ಬೀಳುವವರು ಈ ಎರಡು ತಿಂಗಳು ಒಂಟಿಯಾಗಿ ಓಡಲಿ. ವೇಗ ಪೂರ್ತಿ ಮರೆತುಹೋಗದಿರಲು ಹಿಮ್ಮಡಿಯ ಬಿಗಿತ ಇಳಿದ ಮೇಲೆ ವಾರಕ್ಕೊಮ್ಮೆ ಏರಿನಲ್ಲಿ 10 ಸೆಕೆಂಡಿನ ಆರು ಜೋರು ಓಟ, ಪ್ರತಿ ಸಲವೂ ನಡೆದು ಕೆಳಗಿಳಿದು ಎರಡು ನಿಮಿಷ ಸುಧಾರಿಸಿಕೊಳ್ಳಿ. ನಿಮ್ಮ ಹನುಮಂತನಗರದಲ್ಲಿ ಏರಿಗೇನೂ ಬರವಿಲ್ಲ.

ಇನ್ನು ಹಿಮ್ಮಡಿ. ನೀವು ಹೇಳುವ ಲಕ್ಷಣ ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಅಕಿಲಿಸ್ ಸ್ನಾಯುರಜ್ಜುವಿನದು. ಓಡುವಾಗ ಅದರ ಮೇಲೆ ದೇಹತೂಕದ ಆರೇಳು ಪಟ್ಟು ಎಳೆತ ಬೀಳುತ್ತದೆ. ಬರೀ ವಿಶ್ರಾಂತಿಯಿಂದ ಅದು ಗಟ್ಟಿಯಾಗುವುದಿಲ್ಲ, ಹದವಾದ ಭಾರ ಕೊಟ್ಟರೇ ಆಗುವುದು. ಮನೆಯ ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ ನಿಂತು ಎರಡು ಕಾಲಲ್ಲಿ ಮೇಲೇಳಿ, ಒಂದೇ ಕಾಲಲ್ಲಿ ಮೂರು ಸೆಕೆಂಡು ಎಣಿಸುತ್ತಾ ಕೆಳಗಿಳಿಯಿರಿ. 12ರಿಂದ 15 ಸಲ, ಮೂರು ಸೆಟ್. ಮಂಡಿ ನೇರ ಇಟ್ಟು ಒಮ್ಮೆ, ಸ್ವಲ್ಪ ಬಾಗಿಸಿ ಇನ್ನೊಮ್ಮೆ. ಬಾಗಿಸಿದಾಗ ಮೀನಖಂಡದ ಒಳಪದರದ ಸ್ನಾಯುವಾದ ಸೋಲಿಯಸ್‌ಗೆ ಕೆಲಸ ಬೀಳುತ್ತದೆ, ಇದನ್ನು ಬಿಡುವವರೇ ಹೆಚ್ಚು. ದಿನ ಬಿಟ್ಟು ದಿನ ಮಾಡಿ. ಎರಡು ವಾರದ ಮೇಲೆ ಬೆನ್ನಿಗೆ ಐದು ಕೆ.ಜಿ. ಬ್ಯಾಗ್ ಹಾಕಿ. ನೋವು ಹತ್ತಕ್ಕೆ ಮೂರರೊಳಗಿದ್ದು ಮರುದಿನ ಬೆಳಗಿನ ಬಿಗಿತ ಹೆಚ್ಚದಿದ್ದರೆ ಭಾರ ಸರಿಯಾಗಿದೆ. ಗುಣ ಕಾಣಲು 12 ವಾರ ಹಿಡಿಯಬಹುದು, ನಾಲ್ಕನೇ ವಾರಕ್ಕೆ ಕೈಬಿಡಬೇಡಿ. ಊತ ಬಂದರೆ ಅಥವಾ ಕುಂಟುವಂತಾದರೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಹಾಫ್ ಮುಗಿದು ಒಂದು ವಾರ ಹಗುರ ಓಟ ಆದಮೇಲೆ ಲೆಕ್ಕ ತಿರುವುಮುರುವು. 45ರಿಂದ ಮೇಲೇರಿ ನವೆಂಬರ್ ಕೊನೆ, ಡಿಸೆಂಬರ್‌ಗೆ 55–60 ಕಿ.ಮೀ. ಮುಟ್ಟಬೇಕು, ಪ್ರತಿ ನಾಲ್ಕನೇ ವಾರ ಕಾಲು ಭಾಗ ಇಳಿಸಬೇಕು. ಮಂಗಳವಾರ ಟೆಂಪೋ: 15 ನಿಮಿಷ ಎರಡು ಸಲ, ನಡುವೆ ಮೂರು ನಿಮಿಷ ಜಾಗ್. ನೀವು ಹೆಚ್ಚೆಂದರೆ ಒಂದು ಗಂಟೆ ಹಿಡಿಯಬಲ್ಲ ವೇಗ ಅದು. ಭಾನುವಾರ ಲಾಂಗ್ ರನ್. ಇಡೀ ತಯಾರಿಯಲ್ಲಿ 28ರಿಂದ 32 ಕಿ.ಮೀ.ಯವು ಮೂರು ಸಾಕು, ಕೊನೆಯದು ಓಟಕ್ಕೆ ಮೂರು ವಾರ ಮುಂಚೆ. ಒಂದರಲ್ಲಿ ಕೊನೆಯ 10 ಕಿ.ಮೀ. ರೇಸಿನ ವೇಗದಲ್ಲಿ ಓಡಿ. ಇನ್ನೊಂದರ ಕೊನೆಗೆ ಏರು ಇಟ್ಟುಕೊಳ್ಳಿ, ಏಕೆಂದರೆ ಮುಂಬೈಯಲ್ಲಿ ಪೆಡ್ಡರ್ ರಸ್ತೆಯ ಏರು ಫುಲ್ ಓಡುವವರಿಗೆ ಸಿಗುವುದು 30 ದಾಟಿದ ಮೇಲೆ, ಕಾಲು ಸೋತಿರುವಾಗ. ಉಳಿದೆಲ್ಲ ದಿನ ನಿಧಾನ. ಡಿಸೆಂಬರಿನ ಬೆಂಗಳೂರು ಬೆಳಗು 16–17 ಡಿಗ್ರಿ, ಮುಂಬೈಯ ತೇವಕ್ಕೂ ಬಿಸಿಲಿಗೂ ಅದು ತಯಾರಿಯಲ್ಲ. ಮೈ ಬಿಸಿಲಿಗೆ ಒಗ್ಗಲು 10ರಿಂದ 14 ದಿನ ಬೇಕು. ಕೊನೆಯ ಎರಡು ವಾರ ಹಗುರ ಓಟಗಳಲ್ಲಿ ಆದಷ್ಟನ್ನು ಬೆಳಿಗ್ಗೆ ಒಂಬತ್ತರ ನಂತರ ಓಡಿ.

ಪ್ರಶ್ನೆ: ಸೀಸನ್ ಶುರುವಾದಾಗ ಜಿಮ್ ಬಿಡುತ್ತೇನೆ, ಕಾಲು ಭಾರವೆನಿಸುತ್ತದೆ. ಸರಿಯೇ? – ಮಲ್ಲೇಶ್ವರದ ಓದುಗರು

ಉತ್ತರ: ಬಿಡಬೇಡಿ, ಕಡಿಮೆ ಮಾಡಿ. ಆಫ್ ಸೀಸನ್‌ನಲ್ಲಿ ವಾರಕ್ಕೆ ಎರಡು ದಿನ ಸ್ಕ್ವಾಟ್, ಡೆಡ್‌ಲಿಫ್ಟ್, ಒಂಟಿಕಾಲಿನ ಸ್ಟೆಪ್-ಅಪ್, ಕಾಫ್ ರೈಸ್. ಮೂರು ಸೆಟ್, ತಲಾ 6ರಿಂದ 8 ಸಲ, ಕೊನೆಗೆ ಇನ್ನೆರಡು ಎತ್ತಬಹುದು ಎನ್ನುವಷ್ಟು ಭಾರ. ಸೀಸನ್‌ನಲ್ಲಿ ಎತ್ತುವ ತೂಕ ಅಷ್ಟೇ ಇರಲಿ, ಎರಡು ಸೆಟ್, ನಾಲ್ಕೈದು ಸಲ, ವಾರಕ್ಕೊಂದು ದಿನ. ತೂಕ ಇಳಿಸಿ ಸಲಗಳನ್ನು 20ಕ್ಕೆ ಏರಿಸುವವರಿದ್ದಾರೆ. ಅದರಿಂದ ಸುಸ್ತು ಉಳಿಯುತ್ತದೆ, ಗಳಿಸಿದ ಶಕ್ತಿ ಹೋಗುತ್ತದೆ. ಟೆಂಪೋ ಓಡಿದ ದಿನವೇ ಸಂಜೆ ಮಾಡಿದರೆ ಮರುದಿನದ ಹಗುರ ಓಟ ಹಗುರವಾಗಿಯೇ ಉಳಿಯುತ್ತದೆ. ಶನಿವಾರ ಬೇಡವೇ ಬೇಡ. ಸೀಸನ್ ಮಧ್ಯೆ ಹೊಸ ವ್ಯಾಯಾಮ ಹಿಡಿಯಬೇಡಿ, ಅದರ ಮೈಕೈ ನೋವು ಎರಡು ಮೂರು ದಿನ ಇದ್ದು ಲಾಂಗ್ ರನ್ ತಿನ್ನುತ್ತದೆ. ರೇಸಿಗೆ ಹತ್ತು ದಿನ ಇರುವಾಗ ನಿಲ್ಲಿಸಿ.

ಪ್ರಶ್ನೆ: ಎರಡು ವಾರ ಬಿಟ್ಟರೆ ಗಳಿಸಿದ್ದೆಲ್ಲ ಹೋಗುತ್ತದೆಯೇ? – ಯಲಹಂಕದ ಓದುಗರು

ಉತ್ತರ: ಇಲ್ಲ. ಮೊದಲ ಕೆಲವು ದಿನಗಳಲ್ಲಿ ರಕ್ತದ ದ್ರವಾಂಶ ಇಳಿಯುತ್ತದೆ, ಅದಕ್ಕೇ ಮರಳಿ ಓಡುವಾಗ ಎದೆಬಡಿತ ಜಾಸ್ತಿ ಕಾಣುತ್ತದೆ. ಎರಡು ಮೂರು ವಾರಕ್ಕೆ ಏರೋಬಿಕ್ ಸಾಮರ್ಥ್ಯ ಶೇಕಡ ಕೆಲವಷ್ಟು ಕುಸಿಯಬಹುದು. ವಾರಕ್ಕೆ ಎರಡು ಓಟ, ಅದರಲ್ಲೊಂದು ಸ್ವಲ್ಪ ಚುರುಕಾಗಿ ಇಟ್ಟುಕೊಂಡರೆ ಬಹುಪಾಲು ಉಳಿಯುತ್ತದೆ. ಅಪಾಯ ಇರುವುದು ಮರಳುವಾಗ. ಉಸಿರು ಕೆಲವೇ ವಾರಗಳಲ್ಲಿ ಹಳೆಯ ಹದಕ್ಕೆ ಬರುತ್ತದೆ, ಮೂಳೆ ಮತ್ತು ಸ್ನಾಯುರಜ್ಜು ತಿಂಗಳುಗಟ್ಟಲೆ ಹಿಂದಿರುತ್ತವೆ. ಉಸಿರಿನ ಮಾತು ಕೇಳಿ ದೂರ ಏರಿಸಿದವರಿಗೇ ಮಂಡಿಯ ಕೆಳಗಿನ ಮೂಳೆ ನೋಯುವುದು.

ಪ್ರಶ್ನೆ: ಊಟದಲ್ಲಿ ವ್ಯತ್ಯಾಸ ಬೇಕೆ? ನಾನು ಸಸ್ಯಾಹಾರಿ ಮಹಿಳೆ. – ಜಯನಗರದ ಓದುಗರು

ಉತ್ತರ: ಬೇಕು. ಲಾಂಗ್ ರನ್ ವಾರಗಳಲ್ಲಿ ಅನ್ನ, ಮುದ್ದೆ ಜಾಸ್ತಿಯಾಗಲಿ, 90 ನಿಮಿಷ ಮೀರಿದ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಒಳಗೆ ಹೋಗಲಿ. ಆಫ್ ಸೀಸನ್‌ನಲ್ಲಿ ಹಿಟ್ಟು, ಅನ್ನ ಒಂದಿಷ್ಟು ಇಳಿಸಿ, ಹುರುಳಿ, ಹೆಸರುಕಾಳು, ಮೊಸರು ಹಾಗೇ ಇರಲಿ. ಅದಕ್ಕಿಂತ ಮುಖ್ಯವಾದದ್ದು ಮೇ ತಿಂಗಳಲ್ಲಿ ಹಿಮೊಗ್ಲೋಬಿನ್ ಜೊತೆ, ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ. ಹಿಮೊಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು, ತುಂಬಲು ಮೂರು ತಿಂಗಳೋ ಇನ್ನೂ ಹೆಚ್ಚೋ ಬೇಕು. ನವೆಂಬರಿನಲ್ಲಿ ಗೊತ್ತಾದರೆ ಆ ಸೀಸನ್‌ಗೆ ತಡವಾಯಿತು. ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಕಬ್ಬಿಣ ಮೈಗೆ ಹತ್ತಲು ಕಾಳು, ಸೊಪ್ಪಿನ ಊಟಕ್ಕೆ ನಿಂಬೆಹಣ್ಣು ಹಿಂಡಿ, ಫಿಲ್ಟರ್ ಕಾಫಿಯನ್ನು ಊಟದಿಂದ ಒಂದು ಗಂಟೆಯಾದರೂ ದೂರ ಇಡಿ.