ಪಾಸ್ ಖರ್ಚಾದರೂ ಗ್ಯಾಲರಿ ಖಾಲಿ ಏಕೆ?

ಪ್ರಶ್ನೆ: ನಮ್ಮ ಫುಟ್‌ಬಾಲ್ ಕ್ಲಬ್ಬಿನ ಸೀಸನ್ ಪಾಸ್ ಚೆನ್ನಾಗಿ ಮಾರಾಟವಾಗಿದೆ. ಪಂದ್ಯಕ್ಕೆ ಮಾತ್ರ ಜನ ಬರುವುದಿಲ್ಲ. ಏನು ಮಾಡೋಣ? – ಓದುಗರು, ಗೋಣಿಕೊಪ್ಪ

ಉತ್ತರ: ಮಾರಿದ ಪಾಸೇ ಬೇರೆ, ಗೇಟು ದಾಟಿದ ತಲೆಯೇ ಬೇರೆ. ಇಂಗ್ಲೆಂಡಿನ ಹಲವು ಕ್ಲಬ್ಬುಗಳೂ ಬಾರದವರ ಸೀಸನ್ ಟಿಕೆಟ್ಟನ್ನು ಹಾಜರಿಯಲ್ಲೇ ಸೇರಿಸುತ್ತವೆ. ನೀವು ಹಾಗೆ ಮಾಡಬೇಡಿ. ಪಾಸಿನ ಮೇಲೆ ಪಂದ್ಯಕ್ಕೊಂದರಂತೆ ಚೌಕ ಅಚ್ಚು ಹಾಕಿಸಿ, ಗೇಟಿನಲ್ಲಿ ಪಂಚ್ ಮಾಡಿ, ಪಾಸಿನ ನಂಬರ್ ಬರೆದಿಡಿ. ಸತತ ಎರಡು ಪಂದ್ಯ ತಪ್ಪಿಸಿದವರಿಗೆ ಫೋನ್ ಮಾಡಿ ಕಾರಣ ಕೇಳಿ.

ಬೆಲೆಯೂ ಮುಖ್ಯ. ಹತ್ತು ಪಂದ್ಯಗಳಿದ್ದು, ಒಂದೊಂದಕ್ಕೆ ಬಿಡಿ ಟಿಕೆಟ್ 50 ರೂಪಾಯಿಯಾದರೆ ಪಾಸಿಗೆ 350 ಇಡಿ. ತೀರಾ ಅಗ್ಗವಾದರೆ ಮುಲಾಜಿಗೆ ಕೊಂಡು ಮನೆಯಲ್ಲೇ ಉಳಿಯುತ್ತಾರೆ.

ನಿಮ್ಮ ಕೊಡಗಿನಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ವಾರದ ನಡುವೆ ಯಾರೂ ಬಿಡುವಾಗಿರುವುದಿಲ್ಲ. ಭಾನುವಾರ ಮೂರೂವರೆಗೆ ಆಟ ಶುರುಮಾಡಿ, ಕೊನೇ ಬಸ್ಸಿಗೆ ಮೊದಲೇ ಮುಗಿಸಿ. ಏಪ್ರಿಲ್‌ನಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬದ ವೇಳಾಪಟ್ಟಿ ನೋಡಿಯೇ ದಿನ ಗೊತ್ತುಮಾಡಿ.